ಮಾತ್ರೆಯ ಚೀಟಿಯೊಂದಿಗೆ ಮಾತೂ ಬೇಕು

ರಕ್ತದ ಒತ್ತಡವೆಂಬುದು ಕುಳಿತು ಉಣ್ಣುವ ಧಣಿಗಳ ಕಾಯಿಲೆ ಎಂಬ ಮಾತು ನಮ್ಮ ಕಡೆ ಬಹುಕಾಲ ನಡೆದುಬಂದಿದೆ. ಮೈಮುರಿದು ದುಡಿಯುವವನಿಗೆ, ಗುಡ್ಡ ಹತ್ತಿ ಇಳಿಯುವವನಿಗೆ, ಗಂಜಿ ಉಂಡು ಬದುಕುವವನಿಗೆ ಅದು ಎಲ್ಲಿಂದ ಬರಬೇಕು ಎಂದು ಕೇಳುವವರು ಈಗಲೂ ಇದ್ದಾರೆ. ಲೆಕ್ಕವು ಬೇರೆಯೇ ಮಾತು ಹೇಳುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಸುಮಾರು ನಾಲ್ವರಿಗೆ ಒಬ್ಬರಂತೆ ರಕ್ತದ ಒತ್ತಡ ಹೆಚ್ಚಿದೆ, ಇಲ್ಲವೇ ಅದಕ್ಕಾಗಿ ಮಾತ್ರೆ ನುಂಗುತ್ತಿದ್ದಾರೆ. ನಾಲ್ವರಲ್ಲಿ ಒಬ್ಬರು ಧಣಿಗಳಾಗಿರುವ ನಾಡು ನಮ್ಮದಲ್ಲ.

ಸುಳ್ಯ ತಾಲೂಕಿನ ಐವರ್ನಾಡಿನಂತಹ ಗ್ರಾಮವನ್ನೇ ತೆಗೆದುಕೊಳ್ಳೋಣ. ಇಲ್ಲಿ ದೊಡ್ಡ ಗಿರಣಿಯ ಚಿಮಣಿಯಿಲ್ಲ. ಆದರೆ ಕೂಲಿಯ ಬದುಕು ಪಟ್ಟಣದ ಗಿರಣಿ ಕಾರ್ಮಿಕನದಕ್ಕಿಂತ ಸುಲಭವಾದುದೂ ಅಲ್ಲ. ಅಡಿಕೆ ತೋಟದಲ್ಲಿ ದುಡಿಯುವವರು, ನಸುಕಿನಲ್ಲೇ ಎದ್ದು ರಬ್ಬರ್ ಮರಗಳಿಗೆ ಕತ್ತಿ ಹಚ್ಚುವವರು, ಮನೆಯ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟುವ ಹೆಂಗಸರು, ಬಸ್ಸು ನಿಲ್ಲುವಲ್ಲಿ ಗೂಡಂಗಡಿ ಇಟ್ಟುಕೊಂಡವರು, ಇವರೇ ಈ ಸೀಮೆಯ ಜನತೆ. 1964ರ ಸಿರಿಮಾವೋ–ಶಾಸ್ತ್ರಿ ಒಪ್ಪಂದದ ಮೇಲೆ ಶ್ರೀಲಂಕೆಯಿಂದ ಬಂದ ತಮಿಳು ಕುಟುಂಬಗಳು ಸುಳ್ಯ–ಪುತ್ತೂರು ಕಡೆಯ ಸರಕಾರಿ ರಬ್ಬರ್ ತೋಟಗಳಲ್ಲಿ ನೆಲೆಸಿದವು. ಇವರೆಲ್ಲರ ನಡುವೆ ಸಾಮಾನ್ಯವಾಗಿ ಕಾಣುವ ವಸ್ತು ಒಂದಿದೆ. ದಣಿವಾದಾಗ, ಹಸಿವಾದಾಗ, ಮಾತಿಗೆ ಕುಳಿತಾಗ ಕೈಗೆ ಬರುವ ಒಂದು ಬೀಡಿ, ಇಲ್ಲವೇ ಎಲೆಯಡಿಕೆಯೊಡನೆ ಬಾಯಿಗೆ ಹೋಗುವ ಒಂದು ತುಂಡು ಹೊಗೆಸೊಪ್ಪು.

ಈ ಎರಡು ಸಂಗತಿಗಳು, ಅಂದರೆ ಏರಿದ ರಕ್ತದ ಒತ್ತಡ ಮತ್ತು ತಂಬಾಕು, ಒಂದೇ ದೇಹದಲ್ಲಿ ಸೇರಿದಾಗ ಏನಾಗುತ್ತದೆಂಬುದನ್ನು ರೋಗಿಗೆ ಬಿಡಿಸಿ ಹೇಳುವವರು ಯಾರು? ಇದೇ ಇಂದು ನಾವು ಎತ್ತುತ್ತಿರುವ ಪ್ರಶ್ನೆ.

ಮೊದಲು ಕಾಯಿಲೆಯ ಮಾತು. ಹೃದಯವು ರಕ್ತವನ್ನು ನೂಕುವಾಗ ರಕ್ತನಾಳಗಳ ಗೋಡೆಯ ಮೇಲೆ ಬೀಳುವ ಒತ್ತಡವನ್ನು ಎರಡು ಅಂಕೆಗಳಲ್ಲಿ ಬರೆಯುತ್ತಾರೆ. 120ರ ಮೇಲೆ 80 ಎಂಬುದು ಒಳ್ಳೆಯ ಅಂಕೆ. ಮತ್ತೆ ಮತ್ತೆ ಅಳೆದಾಗಲೂ 140ರ ಮೇಲೆ 90 ಅಥವಾ ಅದಕ್ಕಿಂತ ಹೆಚ್ಚು ಕಂಡರೆ ಒತ್ತಡ ಏರಿದೆಯೆಂದು ನಮ್ಮ ವೈದ್ಯರು ನಿರ್ಣಯಿಸುತ್ತಾರೆ. ಈ ಕಾಯಿಲೆಯ ಕೇಡಿಗತನವೆಲ್ಲ ಅದರ ಮೌನದಲ್ಲಿದೆ. ಹುಣ್ಣಾದರೆ ನೋಯುತ್ತದೆ, ಜ್ವರ ಬಂದರೆ ಮೈ ಸುಡುತ್ತದೆ. ಒತ್ತಡವಾದರೋ ವರ್ಷಗಟ್ಟಲೆ ಸದ್ದಿಲ್ಲದೆ ನಾಳಗಳನ್ನು ಸವೆಸುತ್ತಾ ಹೋಗಿ, ಕೊನೆಗೊಂದು ದಿನ ಹೃದಯಾಘಾತವಾಗಿಯೋ ಪಾರ್ಶ್ವವಾಯುವಾಗಿಯೋ ಮೂತ್ರಪಿಂಡಗಳ ಸೋಲಾಗಿಯೋ ಎದುರಿಗೆ ನಿಲ್ಲುತ್ತದೆ. ದಿನಗೂಲಿಯ ಮನೆಯಲ್ಲಿ ದುಡಿಯುವ ಬಲಗೈ ಬಿದ್ದುಹೋದರೆ ಅದು ಒಬ್ಬನ ಕಾಯಿಲೆಯಾಗಿ ಉಳಿಯುವುದಿಲ್ಲ. ಸೊಸೈಟಿಯ ಸಾಲ ನಿಲ್ಲುತ್ತದೆ, ಮಗಳ ಓದು ನಿಲ್ಲುತ್ತದೆ, ಅಂಗಡಿಯ ಬಾಕಿ ಬೆಳೆಯುತ್ತದೆ.

ಈಗ ಬೀಡಿಯ ಮಾತು. ಹೊಗೆಯನ್ನು ಒಳಗೆ ಎಳೆದ ಕೆಲವೇ ಸೆಕೆಂಡುಗಳಲ್ಲಿ ಅದರಲ್ಲಿರುವ ನಿಕೋಟಿನ್ ಮೆದುಳನ್ನು ಮುಟ್ಟುತ್ತದೆ. ದೇಹವು ಭಯ ಬಿದ್ದಾಗ ಹೊರಡಿಸುವ ಅಡ್ರಿನಲಿನ್ ಮೊದಲಾದ ರಸಗಳನ್ನೇ ಅದು ಹೊರಡಿಸುತ್ತದೆ. ಎದೆಬಡಿತ ಹೆಚ್ಚುತ್ತದೆ, ರಕ್ತನಾಳಗಳು ಬಿಗಿಯುತ್ತವೆ, ಒತ್ತಡದ ಮೇಲಿನ ಅಂಕೆ ನಿಮಿಷಗಳೊಳಗೆ 10 ಅಥವಾ ಅದಕ್ಕೂ ಹೆಚ್ಚು ಮೇಲಕ್ಕೇರಬಹುದು. ಆ ಏರಿಕೆ ಇಳಿಯಲು ಸುಮಾರು 20 ನಿಮಿಷ ಬೇಕು. ಜೊತೆಯಲ್ಲಿ ಕಾಫಿಯೂ ಇದ್ದರೆ ಇನ್ನೂ ಹೆಚ್ಚು ಹೊತ್ತು ನಿಲ್ಲುತ್ತದೆ. ನಮ್ಮ ಓದುಗರು ಸ್ವತಃ ಲೆಕ್ಕ ಹಾಕಲಿ. ದಿನಕ್ಕೆ 20 ಬೀಡಿ ಸೇದುವವನ ದೇಹದಲ್ಲಿ ಒಂದೊಂದಕ್ಕೆ 20 ನಿಮಿಷದಂತೆ 400 ನಿಮಿಷ, ಎಂದರೆ ಆರೂವರೆ ತಾಸಿಗೂ ಮೇಲೆ ಒತ್ತಡ ಏರಿಯೇ ಇರುತ್ತದೆ. ಹೆಚ್ಚುಕಡಿಮೆ ಒಂದು ಪಾಳಿಯ ಕೆಲಸವನ್ನು ಹೃದಯವು ಕೂಲಿಯಿಲ್ಲದೆ ಹೆಚ್ಚಾಗಿ ಮಾಡುತ್ತಿರುತ್ತದೆ.

ಬೀಡಿಯಲ್ಲಿ ತಂಬಾಕು ಕಡಿಮೆ, ಆದ್ದರಿಂದ ಸಿಗರೇಟಿಗಿಂತ ಹಗುರ ಎಂಬುದು ನಮ್ಮಲ್ಲಿ ಬೇರೂರಿದ ನಂಬಿಕೆ. ಇದು ಸುಳ್ಳು. ಬೀಡಿಗೆ ಸುತ್ತುವ ತೆಂದು ಎಲೆಯೊಳಗೆ ಗಾಳಿ ಸುಲಭವಾಗಿ ಆಡುವುದಿಲ್ಲ. ಆರಿಹೋಗದಂತೆ ಸೇದುವವನು ಮೇಲಿಂದ ಮೇಲೆ, ಬಲವಾಗಿ ಎಳೆಯಬೇಕು. ಹೀಗೆ ಎಳೆದಾಗ ಸಿಗರೇಟಿಗಿಂತ ಹೆಚ್ಚು ನಿಕೋಟಿನ್, ಹೆಚ್ಚು ಟಾರು, ಹೆಚ್ಚು ಕಾರ್ಬನ್ ಮಾನಾಕ್ಸೈಡ್ ಒಳಗೆ ಹೋಗುತ್ತದೆ. ಈ ಕಾರ್ಬನ್ ಮಾನಾಕ್ಸೈಡ್ ರಕ್ತದಲ್ಲಿ ಪ್ರಾಣವಾಯುವಿನ ಜಾಗವನ್ನು ಆಕ್ರಮಿಸುತ್ತದೆ. 2016–17ರ ರಾಷ್ಟ್ರೀಯ ತಂಬಾಕು ಸಮೀಕ್ಷೆಯಲ್ಲಿ ದೇಶದ ವಯಸ್ಕರಲ್ಲಿ ಶೇಕಡಾ 7.7 ಮಂದಿ ಬೀಡಿ ಸೇದುವವರು, ಶೇಕಡಾ 4 ಮಂದಿ ಸಿಗರೇಟು ಸೇದುವವರು ಎಂದು ಕಂಡುಬಂತು. ಬಡವನ ಹೊಗೆ ಬೀಡಿಯೇ. ಹೊಗೆಸೊಪ್ಪು ಜಗಿಯುವವರೂ ಇದರಿಂದ ಹೊರಗಲ್ಲ. ಹೊಗೆ ಇಲ್ಲದಿದ್ದರೂ ನಿಕೋಟಿನ್ ಬಾಯಿಯ ಮೂಲಕ ರಕ್ತಕ್ಕೆ ಸೇರಿ ಒತ್ತಡವನ್ನು ಏರಿಸಿಯೇ ತೀರುತ್ತದೆ. ಕರ್ನಾಟಕದಲ್ಲಂತೂ ಸೇದುವವರಿಗಿಂತ ಜಗಿಯುವವರೇ ಹೆಚ್ಚು.

ಇಲ್ಲಿ ಒಂದು ಸೂಕ್ಷ್ಮವನ್ನು ಮುಚ್ಚಿಡದೆ ಹೇಳಬೇಕು. "ನಾನು ಮೂವತ್ತು ವರ್ಷದಿಂದ ಸೇದುತ್ತಿದ್ದೇನೆ, ಡಾಕ್ಟರು ಅಳೆದಾಗ ನನ್ನ ಪ್ರೆಶರ್ ಸರಿಯಾಗಿಯೇ ಇತ್ತು" ಎನ್ನುವವರು ಬಹಳ ಮಂದಿ. ಅವರ ಮಾತು ಸುಳ್ಳಿರಲಾರದು. ಸೇದುವವರೆಲ್ಲರಿಗೂ ಒತ್ತಡದ ಕಾಯಿಲೆ ಬಂದೇ ಬರುತ್ತದೆಂದು ವೈದ್ಯಶಾಸ್ತ್ರ ಹೇಳುವುದಿಲ್ಲ. ಆದರೆ ಅಳೆದದ್ದು ಯಾವಾಗ? ಆಸ್ಪತ್ರೆಯ ಸಾಲಿನಲ್ಲಿ ಒಂದು ತಾಸು ಬೀಡಿಯಿಲ್ಲದೆ ಕುಳಿತ ಮೇಲೆ. ಅಷ್ಟರಲ್ಲಿ ಬೀಡಿಯ ಏರಿಕೆ ಇಳಿದುಹೋಗಿರುತ್ತದೆ. ಹಗಲಿಡೀ ಅಳೆಯುವ ಉಪಕರಣ ಕಟ್ಟಿ ನೋಡಿದರೆ, ಆಸ್ಪತ್ರೆಯಲ್ಲಿ ಸರಿಯಾಗಿ ಕಂಡ ಧೂಮಪಾನಿಗಳ ಒತ್ತಡ ದುಡಿಮೆಯ ಹೊತ್ತಿನಲ್ಲಿ ಹೆಚ್ಚಾಗಿರುವುದು ಅನೇಕ ಬಾರಿ ಕಂಡುಬಂದಿದೆ. ಅದಕ್ಕಿಂತ ದೊಡ್ಡ ಮಾತೆಂದರೆ, ಅಪಾಯವಿರುವುದು ಅಂಕೆಯೊಂದರಲ್ಲೇ ಅಲ್ಲ. ಒತ್ತಡವು ನಾಳದ ಗೋಡೆಯನ್ನು ಜಜ್ಜುತ್ತದೆ. ಹೊಗೆಯು ಅದೇ ಗೋಡೆಯನ್ನು ಗಡುಸು ಮಾಡಿ, ಅಲ್ಲಿ ಕೊಬ್ಬು ಕಟ್ಟಿಕೊಳ್ಳಲು ಎಡೆಮಾಡಿ, ರಕ್ತವು ಬೇಗ ಹೆಪ್ಪುಗಟ್ಟುವಂತೆ ಮಾಡುತ್ತದೆ. ಎರಡೂ ಸೇರಿದವನಿಗೆ ಹೃದಯಾಘಾತದ, ಪಾರ್ಶ್ವವಾಯುವಿನ ಭಯ ಎರಡರಲ್ಲೊಂದೇ ಇರುವವನಿಗಿಂತ ಬಹಳ ಹೆಚ್ಚು. 1948ರಲ್ಲಿ ಅಮೆರಿಕದ ಫ್ರಾಮಿಂಗ್‌ಹಾಮ್ ಎಂಬ ಊರಿನಲ್ಲಿ ಆರಂಭವಾದ ದೀರ್ಘ ಪರಿಶೀಲನೆಯು ಒತ್ತಡ ಮತ್ತು ಧೂಮಪಾನ ಎರಡನ್ನೂ ಹೃದ್ರೋಗದ ಕಾರಣಗಳ ಪಟ್ಟಿಗೆ ಸೇರಿಸಿ ಆರು ದಶಕಗಳೇ ಕಳೆದಿವೆ.

ಮಾತ್ರೆ ನುಂಗುತ್ತಿದ್ದೇವಲ್ಲ, ಇನ್ನೇನು ಭಯ ಎಂದು ಕೇಳಬಹುದು. ಇದಕ್ಕೆ ಉತ್ತರ ಕೊಟ್ಟ ಪ್ರಯೋಗವೊಂದಿದೆ. ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯು ಸಾಧಾರಣ ಮಟ್ಟದ ರಕ್ತದ ಒತ್ತಡವಿದ್ದ 17,354 ಮಂದಿಯ ಮೇಲೆ ನಡೆಸಿದ ಪರೀಕ್ಷೆಯ ಫಲವನ್ನು 1985ರಲ್ಲಿ ಪ್ರಕಟಿಸಿತು. ಅದರಲ್ಲಿ ಕೊಟ್ಟ ಔಷಧಿಗಳಲ್ಲಿ ಪ್ರೊಪ್ರನಲಾಲ್ ಒಂದು. ಸೇದದವರಲ್ಲಿ ಅದು ಪಾರ್ಶ್ವವಾಯುವನ್ನು ಕಡಿಮೆ ಮಾಡಿತು; ಸೇದುವವರಲ್ಲಿ ಆ ಲಾಭ ಕಾಣಿಸಲಿಲ್ಲ. ಎಲ್ಲ ಔಷಧಿಗಳ ವಿಷಯದಲ್ಲೂ ಹೀಗೆಯೇ ಎಂದು ನಾವು ಹೇಳುತ್ತಿಲ್ಲ. ಮಾತ್ರೆಯನ್ನು ಯಾರೂ ಬಿಡಕೂಡದು. ಆದರೆ ಒಂದು ಕೈಯಲ್ಲಿ ಮಾತ್ರೆ, ಇನ್ನೊಂದು ಕೈಯಲ್ಲಿ ಬೀಡಿ ಹಿಡಿದವನು ತೂತು ಕೊಡದಲ್ಲಿ ನೀರು ಹೊರುತ್ತಿದ್ದಾನೆಂಬುದನ್ನು ಆತನಿಗೆ ತಿಳಿಸುವುದು ಔಷಧಿ ಕೊಟ್ಟವರ ಹೊಣೆ.

ಈ ಹೊಣೆ ಎಷ್ಟರಮಟ್ಟಿಗೆ ನಡೆಯುತ್ತಿದೆ? ಮೇಲೆ ಹೇಳಿದ ತಂಬಾಕು ಸಮೀಕ್ಷೆಯೇ ಇದಕ್ಕೂ ಉತ್ತರ ಕೊಟ್ಟಿದೆ. ವೈದ್ಯರಲ್ಲಿಗೆ ಹೋದ ಧೂಮಪಾನಿಗಳಲ್ಲಿ "ಸೇದುವುದನ್ನು ಬಿಡಿ" ಎಂಬ ಸಲಹೆಯನ್ನಾದರೂ ಕೇಳಿಸಿಕೊಂಡವರು ಶೇಕಡಾ 48.8. ಎಂದರೆ ಅರ್ಧಕ್ಕಿಂತ ಹೆಚ್ಚು ಮಂದಿ ಆ ಒಂದು ಮಾತೂ ಇಲ್ಲದೆ ಹಿಂದಿರುಗಿದ್ದಾರೆ. ಸಲಹೆ ದೊರೆತವರಿಗೂ ದೊರೆತದ್ದೇನು? "ಉಪ್ಪು ಕಡಿಮೆ ಮಾಡಿ, ಬೀಡಿ ಬಿಡಿ" ಎಂದು ಚೀಟಿ ಹರಿದು ಕೊಡುವಾಗ ಬಂದ ಅರ್ಧ ವಾಕ್ಯ. ಹೊರಗೆ ನೂರು ಜನ ಕಾಯುತ್ತಿರುವಾಗ ವೈದ್ಯರನ್ನೊಬ್ಬರನ್ನೇ ದೂರಿ ಫಲವಿಲ್ಲ. ಸಾಕಷ್ಟು ವೈದ್ಯರನ್ನೂ ದಾದಿಯರನ್ನೂ ನೇಮಿಸದ ಸರಕಾರವೇ ಅದಕ್ಕೆ ಮೊದಲ ಹೊಣೆಗಾರ.

ಆದರೂ ಮಾತಿಗೆ ಬಹಳ ಹೊತ್ತು ಬೇಕಿಲ್ಲವೆಂಬುದನ್ನೂ ಪ್ರಯೋಗ ಮಾಡಿ ತೋರಿಸಿದ್ದಾರೆ. 1979ರಲ್ಲಿ ಪ್ರಕಟವಾದ ಲಂಡನ್ನಿನ ಒಂದು ಅಧ್ಯಯನದಲ್ಲಿ 28 ಮಂದಿ ಸಾಮಾನ್ಯ ವೈದ್ಯರು ಧೂಮಪಾನಿ ರೋಗಿಗಳಿಗೆ ಒಂದೆರಡು ನಿಮಿಷ ಬಿಡಿಸಿ ಹೇಳಿ, ಒಂದು ಕರಪತ್ರ ಕೊಟ್ಟು, ಮುಂದೆ ವಿಚಾರಿಸುತ್ತೇವೆಂದು ತಿಳಿಸಿದರು. ಒಂದು ವರ್ಷದ ನಂತರ ಹಾಗೆ ಹೇಳಿಸಿಕೊಂಡವರಲ್ಲಿ ಶೇಕಡಾ 5.1 ಮಂದಿ ಬಿಟ್ಟಿದ್ದರು. ಏನೂ ಹೇಳಿಸಿಕೊಳ್ಳದವರಲ್ಲಿ ಬಿಟ್ಟವರು ಶೇಕಡಾ 0.3 ಮಾತ್ರ. ನೂರರಲ್ಲಿ ಐವರು ಎಂದರೆ ಅಲ್ಪವೆಂದು ತೋರಬಹುದು. ಒಂದು ತಾಲೂಕಿನಲ್ಲಿ ಸಾವಿರಾರು ರೋಗಿಗಳಿಗೆ ವರ್ಷವರ್ಷವೂ ಇದು ನಡೆದರೆ ಎಷ್ಟು ಮನೆಗಳು ಉಳಿದಾವು ಎಂದು ಯೋಚಿಸಬೇಕು. ಅದಕ್ಕೆ ತಗಲುವ ಖರ್ಚು ಎರಡು ನಿಮಿಷ ಮತ್ತು ಒಂದು ಕಾಗದ.

ಆ ಎರಡು ನಿಮಿಷದಲ್ಲಿ ಹೇಳಬೇಕಾದುದೇನು? ನಮ್ಮ ಅಭಿಪ್ರಾಯದಲ್ಲಿ ಇಷ್ಟನ್ನಾದರೂ ಹೇಳಬೇಕು.

ಒಂದು: ಒತ್ತಡ ಅಳೆಸಿಕೊಳ್ಳುವ ಮೊದಲು ಅರ್ಧ ತಾಸು ಬೀಡಿ, ಚಾ, ಕಾಫಿ ಮುಟ್ಟಬಾರದು. ಐದು ನಿಮಿಷ ಸುಮ್ಮನೆ ಕುಳಿತಿರಬೇಕು. ದಿನಕ್ಕೆ ಎಷ್ಟು ಸೇದುತ್ತೇವೆ, ಜಗಿಯುತ್ತೇವೆ ಎಂಬುದನ್ನು ನಾಚಿಕೆಯಿಲ್ಲದೆ ಹೇಳಬೇಕು.

ಎರಡು: ಕಡಿಮೆ ಮಾಡಿದರೆ ಸಾಲದು. 2018ರಲ್ಲಿ ಬ್ರಿಟನ್ನಿನ ಸಂಶೋಧಕರು 141 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ದಿನಕ್ಕೆ ಒಂದೇ ಸಿಗರೇಟು ಸೇದುವವನಿಗೂ 20 ಸೇದುವವನಿಗೆ ಬರುವ ಹೆಚ್ಚುವರಿ ಹೃದ್ರೋಗದ ಅಪಾಯದಲ್ಲಿ ಸುಮಾರು ಅರ್ಧದಷ್ಟು ಇದ್ದೇ ಇತ್ತು. "ಊಟದ ಮೇಲೆ ಒಂದೇ ಒಂದು" ಎಂಬ ಸಮಾಧಾನಕ್ಕೆ ಆಧಾರವಿಲ್ಲ.

ಮೂರು: ಬಿಟ್ಟ ಮೊದಲ ವಾರ ಕಷ್ಟವೇ. ಸಿಟ್ಟು, ನಿದ್ರೆಗೇಡು, ತಲೆಭಾರ, ಮಲಬದ್ಧತೆ, ಕೈ ಚಡಪಡಿಕೆ ಎಲ್ಲವೂ ಬರಬಹುದು. "ಬೀಡಿ ಬಿಟ್ಟದ್ದರಿಂದ ಪ್ರೆಶರ್ ಏರಿತು" ಎಂದು ರೋಗಿ ಮತ್ತೆ ಬೀಡಿಗೆ ಹೋಗುವುದು ಈ ಹಂತದಲ್ಲಿಯೇ. ಇದು ಪ್ರೆಶರ್ ಅಲ್ಲ, ನಿಕೋಟಿನ್ನಿನ ಹಂಬಲ. ಹೆಚ್ಚಿನವರಿಗೆ ಎರಡರಿಂದ ನಾಲ್ಕು ವಾರಗಳಲ್ಲಿ ಇಳಿಯುತ್ತದೆ. ಮೈತೂಕ ಸ್ವಲ್ಪ ಏರುವುದುಂಟು, ಅದಕ್ಕಾಗಿ ಹಿಂಜರಿಯಬಾರದು.

ನಾಲ್ಕು: ಫಲ ಬೇಗ ಕಾಣುತ್ತದೆ. ಕೊನೆಯ ಬೀಡಿಯ 20 ನಿಮಿಷಗಳ ನಂತರ ಎದೆಬಡಿತ, ಒತ್ತಡ ಇಳಿಯತೊಡಗುತ್ತವೆ. 12 ತಾಸಿನಲ್ಲಿ ರಕ್ತದ ಕಾರ್ಬನ್ ಮಾನಾಕ್ಸೈಡ್ ಮಾಮೂಲಿಗೆ ಬರುತ್ತದೆ. ಒಂದು ವರ್ಷದಲ್ಲಿ ಧೂಮಪಾನದಿಂದ ಬಂದ ಹೃದ್ರೋಗದ ಹೆಚ್ಚುವರಿ ಅಪಾಯ ಅರ್ಧಕ್ಕೆ ಇಳಿಯುತ್ತದೆ. ಅರುವತ್ತು ದಾಟಿದವನೂ ಬಿಟ್ಟು ಲಾಭ ಪಡೆಯಬಹುದು.

ಐದು: ಬೀಡಿ ಬಿಟ್ಟು ಅಂಕೆ ಇಳಿದರೂ ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬಾರದು.

ಇದನ್ನು ಹೇಳುವ ಭಾಷೆಯ ಪ್ರಶ್ನೆಯೂ ಇದೆ. ಸುಳ್ಯದ ಸೀಮೆಯಲ್ಲಿ ತುಳು, ಅರೆಭಾಷೆ, ಬ್ಯಾರಿ, ಮಲಯಾಳ, ರಬ್ಬರ್ ತೋಟದ ತಮಿಳು, ಇಷ್ಟೂ ಮನೆಮಾತುಗಳಿವೆ. ಆಸ್ಪತ್ರೆಯ ಗೋಡೆಯ ಮೇಲೆ ಪುಸ್ತಕದ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಫಲಕ ತೂಗುಹಾಕಿ "ಜನಜಾಗೃತಿ ಮಾಡಿದೆವು" ಎನ್ನುವುದು ಆತ್ಮವಂಚನೆ. ಓದಲು ಬಾರದ ಅಜ್ಜನಿಗೆ ಅವನ ಮಾತಿನಲ್ಲಿ, ಅವನ ಹೆಂಡತಿ ಮಕ್ಕಳೆದುರಿಗೆ ಹೇಳಬೇಕು. ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಯರಿಗೆ ಆ ಸಾಮರ್ಥ್ಯವಿದೆ. ಆದರೆ ಅವರ ತಲೆಯ ಮೇಲೆ ಕೆಲಸದ ಮೇಲೆ ಕೆಲಸ ಹೊರಿಸಿ ಗೌರವಧನವೆಂಬ ಹೆಸರಿನಲ್ಲಿ ಅಲ್ಪಸ್ವಲ್ಪ ಕೊಡುವ ಪದ್ಧತಿ ನಿಲ್ಲಬೇಕು.

ಇನ್ನು ನಮ್ಮ ಜಿಲ್ಲೆಗೆ ವಿಶೇಷವಾದ ಮಾತೊಂದನ್ನು ತಪ್ಪಿಸುವಂತಿಲ್ಲ. ದಕ್ಷಿಣ ಕನ್ನಡದಲ್ಲಿ ಬೀಡಿ ಬರೀ ಸೇದುವ ವಸ್ತುವಲ್ಲ, ಅನ್ನದ ದಾರಿಯೂ ಹೌದು. ಎಲೆ ತಂಬಾಕು ತಂದು, ಮನೆಯಲ್ಲಿ ಕಟ್ಟಿ, ಬ್ರಾಂಚಿಗೆ ಹೊತ್ತು ಸಾವಿರದ ಲೆಕ್ಕದಲ್ಲಿ ಮಜೂರಿ ಪಡೆಯುವ ಹೆಂಗಸರ ದುಡಿಮೆಯಿಂದ ಎಷ್ಟೋ ಮಕ್ಕಳು ಓದಿದ್ದಾರೆ, ಎಷ್ಟೋ ಮದುವೆಗಳು ನಡೆದಿವೆ. 1966ರಲ್ಲಿ ಬೀಡಿ ಕಾರ್ಮಿಕರಿಗೆಂದು ಕಾನೂನು ಬಂದಾಗ ಮಂಗಳೂರಿನ ಬೀಡಿ ಮಾಲಿಕರು ಅದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದರು. 1974ರಲ್ಲಿ ನ್ಯಾಯಾಲಯವು ಕಾನೂನನ್ನು ಎತ್ತಿಹಿಡಿಯಿತು. 1976ರಲ್ಲಿ ಬೀಡಿ ಕಾರ್ಮಿಕರ ಕಲ್ಯಾಣ ನಿಧಿ ಹುಟ್ಟಿತು. ಬೀಡಿಯ ಮೇಲಿನ ಸೆಸ್ಸಿನ ಹಣದಿಂದ ಅವರಿಗೆ ಔಷಧಾಲಯ, ಮಕ್ಕಳಿಗೆ ವಿದ್ಯಾರ್ಥಿವೇತನ, ಮನೆಗೆ ಸಹಾಯ ದೊರೆಯತೊಡಗಿತು. 2017ರಲ್ಲಿ ಜಿ.ಎಸ್.ಟಿ. ಬಂದಾಗ ಆ ಸೆಸ್ಸನ್ನೇ ರದ್ದು ಮಾಡಿದರು. ಬೀಡಿಯಿಂದ ತೆರಿಗೆ ಈಗಲೂ ಬರುತ್ತದೆ. ಅದರಲ್ಲಿ ಕಟ್ಟುವವಳಿಗೆಂದು ಮೀಸಲಾಗಿದ್ದ ಪಾಲು ಮಾತ್ರ ಹೋಯಿತು.

"ಹಾಗಾದರೆ ಬೀಡಿ ಬಿಡಿ ಎನ್ನುವ ನೀವು ಬೀಡಿ ಕಾರ್ಮಿಕರ ಅನ್ನಕ್ಕೆ ಕಲ್ಲು ಹಾಕುತ್ತೀರಾ?" ಎಂದು ನಮ್ಮನ್ನು ಕೇಳುವವರಿದ್ದಾರೆ. ನಮ್ಮ ಉತ್ತರ ಸ್ಪಷ್ಟ. ಒಬ್ಬ ಕಾರ್ಮಿಕನ ಹೃದಯ ಕೆಟ್ಟರೆ ಮಾತ್ರ ಇನ್ನೊಬ್ಬ ಕಾರ್ಮಿಕಳ ಹೊಟ್ಟೆ ತುಂಬುತ್ತದೆ ಎಂಬ ಏರ್ಪಾಡನ್ನು ಮಾಡಿದವರು ಕಾರ್ಮಿಕರಲ್ಲ. ಕಟ್ಟುವವಳೂ ಈ ಕೇಡಿನಿಂದ ಹೊರಗಿಲ್ಲ. ದಿನವಿಡೀ ತಂಬಾಕಿನ ಪುಡಿ ಮುಟ್ಟುವ, ಅದರ ಧೂಳು ಉಸಿರಾಡುವ ಅವಳ ದೇಹಕ್ಕೂ ನಿಕೋಟಿನ್ ಸೇರುತ್ತದೆ. ಬೇರೆ ಉದ್ಯೋಗಕ್ಕೆ ತರಬೇತಿ, ಅದು ಕೈಗೂಡುವವರೆಗೆ ಸರಿಯಾದ ಮಜೂರಿ, ಕಟ್ಟುವವಳಿಗೂ ವರ್ಷಕ್ಕೊಮ್ಮೆಯಾದರೂ ಎದೆಯ ಮತ್ತು ರಕ್ತದ ಒತ್ತಡದ ಪರೀಕ್ಷೆ, ಇವನ್ನು ಕೊಡದೆ "ತಂಬಾಕು ಮುಕ್ತ" ಎಂಬ ಘೋಷಣೆ ಮಾಡುವುದು ಬಡವರ ಮೇಲೆ ಇನ್ನೊಂದು ಹೊರೆ ಹೊರಿಸಿದಂತೆಯೇ ಸರಿ.

ಸಣ್ಣ ವ್ಯಾಪಾರಿ ಮಿತ್ರರಿಗೂ ಎರಡು ಮಾತು. ಕಾನೂನಿನ ಕೋಲು ಮೊದಲು ಬೀಳುವುದು ಗೂಡಂಗಡಿಯ ಮೇಲೆ ಎಂಬುದು ನಮಗೆ ಗೊತ್ತಿದೆ. 2025ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿಯ ಪ್ರಕಾರ 21 ವರ್ಷದೊಳಗಿನವರಿಗೆ ತಂಬಾಕು ಮಾರುವಂತಿಲ್ಲ, ಶಾಲಾ ಕಾಲೇಜುಗಳಿಂದ 100 ಮೀಟರಿನೊಳಗೆ ಮಾರುವಂತಿಲ್ಲ, ಬಿಡಿಬಿಡಿಯಾಗಿ ಒಂದೊಂದೇ ಮಾರುವಂತಿಲ್ಲ. ದಂಡ ತೆರುವವನು ಕಾರ್ಖಾನೆಯವನಲ್ಲ, ಅಂಗಡಿಯವನು. ಆದ್ದರಿಂದ ಕಾನೂನು ತಿಳಿದುಕೊಂಡಿರುವುದು ಅವರಿಗೇ ಕ್ಷೇಮ. ಆದರೆ ನಮ್ಮ ಮಾತು ದಂಡದ ಭಯದ್ದಲ್ಲ. ದಿನಕ್ಕೆ ಹದಿನಾಲ್ಕು ತಾಸು ಇಕ್ಕಟ್ಟಿನಲ್ಲಿ ಕುಳಿತು, ಬಾಕಿ ವಸೂಲಿಯ ಚಿಂತೆಯಲ್ಲಿ, ಮಾರುವ ಕಟ್ಟಿನಿಂದಲೇ ಒಂದೊಂದು ತೆಗೆದು ಸೇದುವ ಅಂಗಡಿಯವನು ತಾನೇ ಈ ಕಾಯಿಲೆಯ ಮೊದಲ ಗಿರಾಕಿ. ನಾಲ್ಕು ಜನ ಸೇರುವ ಅಂಗಡಿಯಲ್ಲಿ ಆತನೇ ಬಿಟ್ಟು ತೋರಿಸಿದರೆ ಅದಕ್ಕಿಂತ ಒಳ್ಳೆಯ ಪಾಠ ಬೇರೆ ಬೇಕಿಲ್ಲ.

ಸಂಘದವರೂ ಆತ್ಮಪರೀಕ್ಷೆ ಮಾಡಿಕೊಳ್ಳಬೇಕು. ದುಡಿಮೆಯ ಜಾಗವೂ ಸಾರ್ವಜನಿಕ ಸ್ಥಳವೆಂದು 2008ರ ನಿಯಮ ಹೇಳುತ್ತದೆ. ಅಲ್ಲಿ ಧೂಮಪಾನ ನಿಷಿದ್ಧ. ಆದರೂ ವಿರಾಮದ ಹೊತ್ತಿಗೆ ಶೆಡ್ಡಿನ ಹಿಂದೆ ಬೀಡಿ ಹಂಚಿಕೊಳ್ಳುವುದು ಸ್ನೇಹದ ಗುರುತಾಗಿಯೇ ಉಳಿದಿದೆ. ಪ್ರೆಶರ್ ಮಾತ್ರೆ ತಿನ್ನುವ ಜೊತೆಗಾರನಿಗೆ ಬೀಡಿ ನೀಡುವುದು ಸ್ನೇಹವಲ್ಲ. ಬಿಡಲು ಹೊರಟವನಿಗೆ ಚೇಷ್ಟೆ ಮಾಡದೆ ಇರುವುದು, ಅವನೊಡನೆ ಇನ್ನೊಬ್ಬನೂ ಬಿಡುವುದು, ಇದು ಸಂಘಟನೆಯ ಕೆಲಸವೇ.

ಸರಕಾರದ ಮುಂದೆ ನಮ್ಮ ಬೇಡಿಕೆಗಳು ಇವು:

(1) ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ತಾಲೂಕು ಆಸ್ಪತ್ರೆಗಳಲ್ಲಿ ರಕ್ತದ ಒತ್ತಡ ಅಳೆದ ಪ್ರತಿಯೊಬ್ಬ ರೋಗಿಯ ಚೀಟಿಯಲ್ಲಿ ತಂಬಾಕಿನ ವಿವರ ಬರೆಯುವುದು ಕಡ್ಡಾಯವಾಗಲಿ.

(2) ಆ ಚೀಟಿ ನೋಡಿ ಎರಡು ನಿಮಿಷ ಮಾತಾಡಲು, ಮುಂದಿನ ತಿಂಗಳು ಬಂದಾಗ ಮತ್ತೆ ವಿಚಾರಿಸಲು ತರಬೇತಿ ಪಡೆದ ಒಬ್ಬರನ್ನು ಪ್ರತಿ ಕೇಂದ್ರದಲ್ಲೂ ನೇಮಿಸಲಿ.

(3) ಒತ್ತಡದ ಮಾತ್ರೆಯನ್ನು ಉಚಿತವಾಗಿ ಕೊಡುವಂತೆ ಬಿಡಲು ನೆರವಾಗುವ ನಿಕೋಟಿನ್ ಗಮ್ ಮೊದಲಾದವನ್ನೂ ಗ್ರಾಮದ ಮಟ್ಟದಲ್ಲೇ ಉಚಿತವಾಗಿ ಒದಗಿಸಲಿ. ಜಿಲ್ಲಾ ಕೇಂದ್ರಕ್ಕೆ ಬನ್ನಿ ಎಂದರೆ ಐವರ್ನಾಡಿನ ಕೂಲಿಯವನಿಗೆ ಒಂದು ದಿನದ ಸಂಬಳ ಮತ್ತು ಬಸ್ಸಿನ ಚಾರ್ಜು ಹೋಗುತ್ತದೆ.

(4) ರಬ್ಬರ್ ತೋಟ, ಗೇರುಬೀಜದ ಕಾರ್ಖಾನೆ, ಅಕ್ಕಿ ಮಿಲ್ಲು, ಬೀಡಿ ಬ್ರಾಂಚುಗಳಿರುವಲ್ಲಿಗೇ ಪರೀಕ್ಷೆಯ ತಂಡ ಬರಲಿ. ಪರೀಕ್ಷೆಗೆ ಹೋದ ಹೊತ್ತಿನ ಸಂಬಳ ಕಡಿಯದಿರಲಿ.

(5) ಬೀಡಿಯಿಂದ ಬರುವ ತೆರಿಗೆಯಲ್ಲಿ ಗೊತ್ತಾದ ಒಂದು ಪಾಲನ್ನು ಬೀಡಿ ಕಾರ್ಮಿಕರ ಆರೋಗ್ಯಕ್ಕೂ ಬದಲಿ ಉದ್ಯೋಗಕ್ಕೂ ಮೀಸಲಿಡಲಿ.

ಇವೆಲ್ಲ ಕೈಗೂಡುವವರೆಗೆ ಕಾಯುತ್ತಾ ಕೂರಬೇಕೆಂದಿಲ್ಲ. ತಂಬಾಕು ಬಿಡಲು ಬಯಸುವವರಿಗೆ 1800-11-2356 ಎಂಬ ದೂರವಾಣಿಯಲ್ಲಿ ಹಣ ತೆರದೆ ಸಲಹೆ ಪಡೆಯಬಹುದು. ಸಿಗರೇಟಿನ, ಬೀಡಿಯ ಕಟ್ಟಿನ ಮೇಲೆ ಅಚ್ಚಾಗಿರುವ ಅಂಕೆಯೂ ಇದೇ. ನಲವತ್ತು ದಾಟಿದ ನಮ್ಮ ಓದುಗರು ಈ ವಾರವೇ ಹತ್ತಿರದ ಸರಕಾರಿ ಆಸ್ಪತ್ರೆಗೆ ಹೋಗಿ ರಕ್ತದ ಒತ್ತಡ ಅಳೆಸಿಕೊಳ್ಳಬೇಕು. ಅಂಕೆ ಎಷ್ಟೆಂದು ಕೇಳಿ ಬರೆಸಿಕೊಳ್ಳಬೇಕು. ಸೇದುವವರಾದರೆ, ಜಗಿಯುವವರಾದರೆ, "ಇದರಿಂದ ನನಗೇನಾಗುತ್ತದೆ, ಬಿಡುವುದು ಹೇಗೆ?" ಎಂದು ಅಲ್ಲಿಯೇ ನಿಂತು ಕೇಳಬೇಕು. ಉತ್ತರ ಕೊಡುವುದು ಅವರ ಕರ್ತವ್ಯ. ಕೇಳುವುದು ರೋಗಿಯ ಹಕ್ಕು.